ಕೆಳಮಹಡಿಯ ಖಾಲಿ ಬುಟ್ಟಿ

ಯಾರಾದರೂ ಹೊಗಳಿದರೆ ಸಾಕು, ಅವಳಿಗೆ ಹೊಟ್ಟೆ ತೊಳಸಿ ಬರುತ್ತಿತ್ತು. ಉಳಿದವರಿಗೆ ಬೈಗುಳ ತಿಂದಾಗ ಆಗುವುದು ತನಗೆ ಹೊಗಳಿಕೆ ಕೇಳಿದಾಗ ಆಗುತ್ತಿದೆಯಲ್ಲ, ಇದೆಂಥ ಕಾಯಿಲೆ ಎಂದು ಬೆಳಿಗ್ಗೆ ಟ್ರಯಲ್ ರೂಮಿನ ಕನ್ನಡಿ ಒರೆಸುತ್ತ ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿದ್ದವಳೇ ಕೇಳಿಕೊಂಡ ಪ್ರಶ್ನೆ ಅದು. ಆ ಹೊಗಳಿಕೆ ತನ್ನದಲ್ಲ, ಕದ್ದ ಮಾಲು.

ಡಿಗ್ರಿ ಮುಗಿಸಿದ ಮೇಲೆ ಎಷ್ಟೋ ಸಂದರ್ಶನಗಳಿಗೆ ಹೋಗಿ, ನಾಲಿಗೆ ಅಂಗುಳಿಗೆ ಅಂಟಿಸಿಕೊಂಡು ವಾಪಸು ಬಂದಿದ್ದಳು. ಹೇಳಬೇಕೆಂದಿದ್ದ ಉತ್ತರಗಳೆಲ್ಲ ಆಮೇಲೆ ಡೈರಿಯಲ್ಲಿ ಲಕ್ಷಣವಾಗಿ ಮೂಡುತ್ತಿದ್ದವು. "ಅಷ್ಟು ಚೆಂದ ಬರೀತೀಯ, ಅದರಲ್ಲಿ ಕಾಲು ಭಾಗ ಮಾತಾಡಿದ್ರೆ ಆಫೀಸರ್ ಆಗಿರ್ತಿದ್ದೆ" ಎಂದು ಅಮ್ಮ ಹಂಗಿಸುತ್ತಿದ್ದರು. ಕೊನೆಗೆ ಈ ಹೆಂಗಸರ ಬಟ್ಟೆಯಂಗಡಿಯಲ್ಲಿ ಕೆಲಸ ಸಿಕ್ಕಿತು. ಟ್ರಯಲ್ ರೂಮಿನ ಬಾಗಿಲಲ್ಲಿ ನಿಲ್ಲುವುದು, ಗಿರಾಕಿ ಒಳಗೆ ಒಯ್ಯುವ ಬಟ್ಟೆ ಎಣಿಸಿ ನಂಬರಿನ ಬಿಲ್ಲೆ ಕೊಡುವುದು, ಹೊರಗೆ ಬಂದಾಗ ಮತ್ತೆ ಎಣಿಸಿ ತೆಗೆದುಕೊಂಡು ಸ್ಟ್ಯಾಂಡಿಗೆ ನೇತುಹಾಕುವುದು. ಮಾತೇ ಬೇಡದ ಕೆಲಸವೆಂದು ಖುಷಿಯಿಂದ ಸೇರಿದಳು.

ಅಲ್ಲೇ ಎಡವಿದ್ದು. ಅಂಗಡಿಯಲ್ಲೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ವಾಪಸು ಬಂದ ಪ್ರತಿ ಬಟ್ಟೆಯನ್ನೂ ಗಿರಾಕಿಯ ಎದುರಿಗೇ ಬಿಡಿಸಿ ನೋಡಬೇಕು. ಹರಿದಿದ್ದರೆ, ಕಲೆಯಾಗಿದ್ದರೆ ಅಲ್ಲೇ ಮುಖಕ್ಕೆ ಹೇಳಬೇಕು, ಬಟ್ಟೆಯನ್ನು ಮಾರಬಾರದ ಮಾಲಿಗೆಂದೇ ಇಟ್ಟ ಪಕ್ಕದ ಕೆಂಪು ಬುಟ್ಟಿಗೆ ಹಾಕಬೇಕು. ಗಿರಾಕಿಗಳೋ, ದೇವರೇ ಕಾಪಾಡಬೇಕು! ತಮಗೆ ಎಂದೋ ಆಗುತ್ತಿದ್ದ ಅಳತೆಯ ಮೇಲೆ ಅವರಿಗೆ ಇಂದಿಗೂ ಮೋಹ. ಉಸಿರು ಬಿಗಿಹಿಡಿದು ಜಿಪ್ಪು ಎಳೆಯುವವರು, ಚಪ್ಪಲಿ ಬಿಚ್ಚದೆ ಪ್ಯಾಂಟಿಗೆ ಕಾಲು ತೂರಿಸುವವರು, ಮುಖದ ಬಣ್ಣವನ್ನೆಲ್ಲ ಕಾಲರಿಗೆ ಒರೆಸಿ ಬರುವವರು. ಆಮೇಲೆ ಹರುಕನ್ನು ಒಳಗೆ ಮಡಚಿ, ಏನೂ ಅರಿಯದ ಕೂಸಿನ ಮುಖ ಮಾಡಿಕೊಂಡು ಹ್ಯಾಂಗರು ಚಾಚುವರು. ಅಂಥ ಮುಖದೆದುರು ಬಟ್ಟೆ ಬಿಡಿಸಿ ನೋಡುವುದೆಂದರೆ ಅವಳಿಗೆ ಅವರ ಜೇಬಿಗೆ ಕೈ ಹಾಕಿದಷ್ಟೇ ಸಂಕೋಚ. "ಥ್ಯಾಂಕ್ಸ್ ಮೇಡಂ" ಎಂದು ತೆಗೆದುಕೊಳ್ಳುವಳು. ಅವರು ಹೋದ ಮೇಲೆ ಬಿಡಿಸುವಳು. ಬಿಡಿಸಿದರೆ ಕಂಕುಳಲ್ಲಿ ಒಂದು ಗೇಣು ಕಿಟಕಿ.

ಆಗಲೇ ಬುಟ್ಟಿಗೆ ಹಾಕಿದರೂ ಸರಿಯಿತ್ತು. ಆದರೆ "ಯಾರು ಹರಿದಿದ್ದು, ಎದುರಿಗೇ ಯಾಕೆ ಹೇಳಲಿಲ್ಲ?" ಎಂದು ಮ್ಯಾನೇಜರ್ ಕೇಳಿದರೆ? ಊಟದ ಹೊತ್ತಿನಲ್ಲಿ ಕೊನೆಯ ಟ್ರಯಲ್ ರೂಮಿನ ಚಿಲಕ ಹಾಕಿಕೊಂಡು, ಸೂಜಿ ದಾರ ತೆಗೆದು, ಹರಿದದ್ದನ್ನು ತಾನೇ ಹೊಲಿದಳು. ತುಟಿ ಬಣ್ಣದ ಕಲೆಯನ್ನು ಸೋಪು ಹಚ್ಚಿದ ಒದ್ದೆ ಕರ್ಚೀಫಿನಿಂದ ತಿಕ್ಕಿ ತೆಗೆದಳು. ಒಂದು ದಿನದ ಮಟ್ಟಿಗೆ ಎಂದುಕೊಂಡದ್ದು ದಿನದಿನದ ಪಾಡಾಯಿತು. ಬರಬರುತ್ತ ಹೆದರಿಕೆಯ ಜೊತೆಗೆ ಒಂದು ಗುಟ್ಟಿನ ಖುಷಿಯೂ ಸೇರಿತು. ಹೊಲಿದದ್ದು ಎಲ್ಲಿ ಎಂದು ತಾನೇ ಹುಡುಕಬೇಕಾಗುತ್ತಿತ್ತು! ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಎಲ್ಲ ಸುಸೂತ್ರವಾಗಿ ನಡೆದಿತ್ತು.

ಮೇಲಿನ ಮಹಡಿಯ ಟ್ರಯಲ್ ರೂಮು ದೊಡ್ಡಕ್ಕನದು. ಅಂಗಡಿ ತೆರೆದಾಗಿನಿಂದ ಇದ್ದಾಕೆ, ಮ್ಯಾನೇಜರಿಗೂ ದೊಡ್ಡಕ್ಕನೇ. ಆಕೆಯ ಗಂಟಲು ಮೆಟ್ಟಿಲಿಳಿದು ಕೆಳಗಿನವರೆಗೆ ಕೇಳಿಸುತ್ತಿತ್ತು.

"ಮೇಡಂ, ಒಳಗೆ ಹೋಗುವಾಗ ಈ ಜಿಪ್ಪು ಬಾಯಿ ಮುಚ್ಕೊಂಡಿತ್ತು. ಈಗ ನೋಡಿ, ಹೇಗೆ ಆಕಳಿಸ್ತಿದೆ!"

"ನಾನಲ್ಲಮ್ಮ, ಅದು ಮೊದಲೇ ಹಾಗಿತ್ತು."

"ಹೌದಾ? ಹಾಗಾದ್ರೆ ಕಾಲರ್ ಮೇಲಿರೋ ಕೆಂಪನ್ನೂ ಫ್ಯಾಕ್ಟರಿಯವರೇ ಬಳಿದು ಕಳಿಸಿರಬೇಕು. ನಿಮ್ಮ ತುಟಿಗೆ ಎಷ್ಟು ಚೆನ್ನಾಗಿ ಮ್ಯಾಚ್ ಆಗ್ತಿದೆ!"

ಬೈಯುವ ಗಿರಾಕಿಯೂ ಕೊನೆಗೆ ನಕ್ಕುಬಿಡುವಂತೆ ಹೇಳುತ್ತಿದ್ದರು ದೊಡ್ಡಕ್ಕ. ಬಟ್ಟೆ ಮಾತ್ರ ನಿಯಮದಂತೆ ಬುಟ್ಟಿಗೇ. ಹೀಗಾಗಿ ಮೇಲಿನ ಬುಟ್ಟಿ ತುಂಬಿ ಚೆಲ್ಲುತ್ತಿತ್ತು, ಕೆಳಗಿನದರಲ್ಲಿ ಜೇಡ ಬಲೆ ಕಟ್ಟುವಷ್ಟು ಬಿಡುವು.

ಕಳೆದ ಸೋಮವಾರ ಮ್ಯಾನೇಜರ್ ಎರಡೂ ಬುಟ್ಟಿಗಳನ್ನು ಎಲ್ಲರ ಮುಂದೆ ಅಕ್ಕಪಕ್ಕ ಇಡಿಸಿದರು. "ಅದೇ ಅಂಗಡಿ, ಅದೇ ಗಿರಾಕಿಗಳು. ಮೇಲೆ ಇಷ್ಟು, ಕೆಳಗೆ ಸೊನ್ನೆ. ಏನರ್ಥ? ಈ ಹುಡುಗಿ ಬಾಯಿ ಬಿಡಲ್ಲ, ಆದ್ರೆ ಕಣ್ಣಿಟ್ಟು ನೋಡ್ತಾಳೆ, ಅದಕ್ಕೇ ಯಾರೂ ಹರಿಯಲ್ಲ. ಕಲೀರಿ ಇವಳನ್ನ ನೋಡಿ." ಬರುವ ವಾರದಿಂದ ಅವಳು ಮೇಲಿನ ಮಹಡಿಗೆ, ದೊಡ್ಡಕ್ಕ ನೆಲಮಾಳಿಗೆಯ ಗೋಡೌನಿಗೆ ಎಂದು ತೀರ್ಮಾನವಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

"ಸರಿ ಬಿಡಿ, ರಟ್ಟಿನ ಪೆಟ್ಟಿಗೆಗಳಾದ್ರೂ ಎದುರುತ್ತರ ಕೊಡಲ್ಲ" ಎಂದು ದೊಡ್ಡಕ್ಕ ಎಲ್ಲರನ್ನೂ ನಗಿಸಿದರು. ಆದರೆ ಮಧ್ಯಾಹ್ನ ಅವಳು ಕೈತೊಳೆಯಲು ಹೋದಾಗ ಆಕೆ ಕಿಟಕಿಯ ಬೆಳಕಿಗೆ ಕನ್ನಡಕ ಹಿಡಿದು, ಹಾಕಿ, ತೆಗೆದು, ಮತ್ತೆ ಹಾಕಿ ನೋಡುತ್ತಿದ್ದರು.

"ನನ್ನ ಕಣ್ಣೆದುರೇ ಅಷ್ಟೊಂದು ಹರೀತಾರಲ್ಲೇ. ನಿನ್ನ ಹತ್ರ ಯಾರೂ ಹರಿಯಲ್ಲ. ನನಗೆ ವಯಸ್ಸಾಯ್ತು ಕಣೆ. ಜನ ನನಗೆ ಹೆದರೋದೂ ಬಿಟ್ರು, ನನಗೆ ಕಾಣಿಸೋದೂ ಬಿಡ್ತು. ನೀನು ಅದೇನು ಮಾಡ್ತೀಯೆ, ಹೇಳೆ ಮಾರಾಯ್ತಿ."

"ಹಾಗೇನಿಲ್ಲ ದೊಡ್ಡಕ್ಕ" ಎಂದಳು ಅವಳು. ಬಾಯಲ್ಲಿ ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಅಂದಿನಿಂದ ಹೊಟ್ಟೆ ತೊಳಸುತ್ತಲೇ ಇತ್ತು.

ಈ ಬೆಳಿಗ್ಗೆ ಕನ್ನಡಿ ಒರೆಸಿ ಮುಗಿಸುವಷ್ಟರಲ್ಲಿ ಕೌಂಟರಿನ ಕಡೆಯಿಂದ ಯಾರೋ ನಗುವುದು ಕೇಳಿಸಿತು. ಆಗಾಗ ಬರುವ ಹಲ್ಲಿನ ಡಾಕ್ಟರು, ತುಂಬಿದ ಮೈಯ, ತುಂಬು ನಗೆಯ ಹೆಂಗಸು. ಕೌಂಟರಿನ ಮೇಲೆ, ಮ್ಯಾನೇಜರ್ ಎದುರಿಗೆ, ಒಂದು ನೀಲಿ ಫ್ರಾಕು ಒಳಹೊರಗಾಗಿ ಬಿದ್ದಿತ್ತು.

"ನಿನ್ನೆ ಮೊದಲನೇ ಸಲ ಹಾಕ್ಕೊಂಡೆ ಕಣ್ರೀ. ಪೇಷಂಟ್ ಬಾಯಿ ತೆರೆದ, ನಾನು ಬಗ್ಗಿದೆ, ಇದೂ ಬಾಯಿ ತೆರೀತು! ಪುಣ್ಯಕ್ಕೆ ಮೇಲೊಂದು ಕೋಟಿತ್ತು, ಮರ್ಯಾದೆ ಉಳೀತು."

ಅವಳು ಕೌಂಟರಿನ ಬಳಿಗೆ ಬಂದಳು. ಆ ಫ್ರಾಕಿನ ಬಲ ಪಕ್ಕೆಯ ಹೊಲಿಗೆ ತನ್ನದೇ. ಬಿಟ್ಟುಹೋಯಿತೇ? ನಾಲ್ಕು ಜನರ ಮುಂದೆ? ಕತ್ತು ಚಾಚಿ ನೋಡಿದಳು. ಬಿಟ್ಟದ್ದು ಎಡ ಪಕ್ಕೆ, ಮೆಷಿನ್ನಿನ ಹೊಲಿಗೆ. ತನ್ನ ಹೊಲಿಗೆ ಹಾಗೇ ಇತ್ತು.

"ನಾನು ಜಗಳಕ್ಕೆ ಬಂದಿಲ್ಲ" ಎಂದರು ಡಾಕ್ಟರು. "ಎಡಗಡೆ ಪೂರ್ತಿ ಹೋಗಿದೆ, ಬಲಗಡೆ ಅಲ್ಲಾಡಿಲ್ಲ ನೋಡಿ. ಬಲಗಡೆದು ಯಾರೋ ಕೈಯಲ್ಲಿ ಹಾಕಿದ ಹೊಲಿಗೆ. ನಾನೂ ದಿನಾ ಹೊಲಿಗೆ ಹಾಕೋಳೇ, ನನಗೆ ಗೊತ್ತಾಗುತ್ತೆ. ಅವರ ಕೈಲೇ ಎಡಗಡೆನೂ ಹಾಕಿಸಿಕೊಟ್ಟುಬಿಡಿ, ಸಾಕು."

ಮ್ಯಾನೇಜರ್ ಫ್ರಾಕನ್ನು ಕಣ್ಣ ಬಳಿ ತಂದುಕೊಂಡರು. ಮುಖ ಬಿಗಿಯಿತು. "ನಮ್ಮಲ್ಲಿ ರಿಪೇರಿ ಮಾಡಿದ ಬಟ್ಟೆ ಮಾರಲ್ಲ ಮೇಡಂ. ಇದು ಹೇಗೆ ಬಂತು ಅಂತ ಈಗಲೇ ನೋಡ್ತೀನಿ. ದೊಡ್ಡಕ್ಕಾ!"

ದೊಡ್ಡಕ್ಕ ಮೆಟ್ಟಿಲಿಳಿದು ಬಂದರು.

"ಬುಟ್ಟಿ ತುಂಬ್ತಿದೆ ಅಂತ ಹೇಳಿದ್ದಕ್ಕೆ ಹೊಲಿದು ನೇತುಹಾಕೋಕೆ ಶುರು ಮಾಡಿದ್ರಾ? ಗೋಡೌನ್ ತಪ್ಪಿಸಿಕೊಳ್ಳೋಕಾ?"

"ನಾನಾ? ಸೂಜಿಗೆ ದಾರ ಪೋಣಿಸೋಕೂ ಬರಲ್ಲ ಸ್ವಾಮಿ ನನಗೆ! ನಮ್ಮ ಯಜಮಾನ್ರ ಷರ್ಟಿನ ಗುಂಡೀನೂ ಪಕ್ಕದ ಮನೆಯವರೇ ಹಾಕಿಕೊಡ್ತಾರೆ."

"ಮತ್ತೆ ಇನ್ಯಾರು? ಕೆಳಗೆ ಒಂದು ದಾರಾನೂ ಹರಿಯಲ್ಲ. ಹರಿಯೋದೆಲ್ಲ ನಿಮ್ಮ ಹತ್ರಾನೇ. ಹೀಗೆ ಮೋಸ ಮಾಡೋರು ನನಗೆ ಗೋಡೌನಲ್ಲೂ ಬೇಡ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವಳ ಕೈ ತನಗೇ ತಿಳಿಯದೆ ಸೂಜಿ ಚುಚ್ಚಿಟ್ಟಿದ್ದ ಜೇಬನ್ನು ಮುಚ್ಚಿಕೊಂಡಿತು. ದೊಡ್ಡಕ್ಕನ ಕಣ್ಣು ಆ ಕೈಯ ಮೇಲೆ ಬಿತ್ತು. ಅಲ್ಲಿಂದ ಫ್ರಾಕಿಗೆ, ಫ್ರಾಕಿನಿಂದ ಅವಳ ಮುಖಕ್ಕೆ. ಆಕೆ ಮೆಲ್ಲನೆ ಪಕ್ಕಕ್ಕೆ ಬಂದು, ಎಂದೂ ಇಲ್ಲದ ಸಣ್ಣ ದನಿಯಲ್ಲಿ ಕೇಳಿದರು: "ಕೆಳಗಡೆನೂ ಹರೀತಾರೇನೇ?"

ಅವಳು ಹೌದೆಂದು ತಲೆಯಾಡಿಸಿದಳು.

ಬೈಗುಳ ಬರುತ್ತದೆಂದು ಕಾದಳು. ಬಂದದ್ದು ಬೈಗುಳವಲ್ಲ. ದೊಡ್ಡಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡು, ಜ್ವರ ಇಳಿದವರ ಹಾಗೆ ಉದ್ದಕ್ಕೆ ಉಸಿರು ಬಿಟ್ಟರು. ಆಮೇಲೆ ನಗು. ಭುಜ ಕುಣಿಯಿತು, ಕಣ್ಣಲ್ಲಿ ನೀರು ಬಂತು.

"ಏನ್ರೀ ನಗು?" ಎಂದರು ಮ್ಯಾನೇಜರ್.

"ಏನಿಲ್ಲ ಸ್ವಾಮಿ. ಕಣ್ಣು ಹೋಯ್ತು ಅಂದ್ಕೊಂಡಿದ್ದೆ, ನೆಟ್ಟಗಿದೆ. ಇನ್ನು ನೀವು ಗೋಡೌನಿಗೆ ಹಾಕಿ, ಮನೆಗೆ ಕಳಿಸಿ, ಏನು ಬೇಕಾದ್ರೂ ಮಾಡ್ಕೊಳ್ಳಿ."

ಆಕೆ ಅವಳ ಕಡೆ ಬೆರಳು ತೋರಿಸಲಿಲ್ಲ. ಕಣ್ಣಿನಿಂದಲೂ ತೋರಿಸಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡರು.

"ನೀನು ಹೋಗಮ್ಮ, ಗಿರಾಕಿ ಬರೋ ಹೊತ್ತಾಯ್ತು" ಎಂದು ಮ್ಯಾನೇಜರ್ ಅವಳಿಗೆ ದಾರಿ ಬಿಟ್ಟುಕೊಟ್ಟರು. ಸಂದರ್ಶನದ ಕೋಣೆಗಳಿಂದ ಹೊರಬೀಳಲು ಅವಳು ಹಂಬಲಿಸುತ್ತಿದ್ದದ್ದು ಇಂಥದೇ ದಾರಿಗೆ. ಕಾಲು ಅಭ್ಯಾಸಬಲದಿಂದ ಎರಡು ಹೆಜ್ಜೆ ಹಾಕಿಯೂ ಆಗಿತ್ತು. ಆದರೆ ಕಿವಿಯಲ್ಲಿ ದೊಡ್ಡಕ್ಕನ ಆ ನಗು ಇನ್ನೂ ಇತ್ತು. ಬರೀ ತಲೆಯಾಡಿಸಿದ್ದಕ್ಕೇ ಒಬ್ಬರಿಗೆ ಇಷ್ಟು ನಿರಾಳವಾಗಬಹುದಾದರೆ! ಹೊಟ್ಟೆಯ ತೊಳಸು ಯಾವಾಗ ನಿಂತಿತೋ ತಿಳಿಯಲಿಲ್ಲ. ಬೆಳಗಿನಿಂದ ಕೆಟ್ಟಿದ್ದ ಹಸಿವು ಕೂಡ ಆಗತೊಡಗಿತ್ತು. ಅವಳು ಹಿಂದಿರುಗಿ ಕೌಂಟರಿಗೆ ಬಂದು, ನೀಲಿ ಫ್ರಾಕನ್ನು ಮ್ಯಾನೇಜರ ಕೈಯಿಂದ ತಾನೇ ತೆಗೆದುಕೊಂಡಳು. ಬಂದ ದನಿ ಮೇಲಿನ ಮಹಡಿಗೂ ಕೇಳಿಸುವಷ್ಟಿತ್ತು.

"ಇದು ನಾನು ಹೊಲಿದದ್ದು ಸರ್. ಕೆಳಗಡೆನೂ ದಿನಾ ಹರೀತಾರೆ. ಅವರ ಮುಖ ನೋಡಿ ಹೇಳೋಕೆ ಹೆದರಿಕೊಂಡು, ನಾನೇ ಹೊಲಿದು ಹೊಲಿದು ನೇತುಹಾಕ್ತಿದ್ದೆ."