ಹಳೇದು ತಗೋ

ನಾನು ಅರವತ್ತು ನಿಮಿಷದ ಒಂದು ಕ್ಯಾಸೆಟ್. ಒಂದೇ ಅಚ್ಚಿನ ಸಾವಿರಾರು ಅಣ್ಣತಮ್ಮಂದಿರ ಜೊತೆ ಹುಟ್ಟಿ, ಹೊಟ್ಟೆಯೊಳಗೆ ಕಂದು ಟೇಪು ಸುತ್ತಿಕೊಂಡು, ಹುಬ್ಬಳ್ಳಿಯ ಒಂದು ಅಂಗಡಿಯ ಗಾಜಿನ ಕಪಾಟಿಗೆ ಬಂದು ಕೂತೆ. ಬಾಯಿದ್ದವರು ಬರಗಾಲದಲ್ಲೂ ಬದುಕಿದರು ಅನ್ನುತ್ತಾರೆ. ನನಗೆ ಒಳಗೆ ಏನೆಲ್ಲ ತುಂಬಿದರೂ ಬಾಯಿ ಇಲ್ಲ. ಯಾರಾದರೂ ಗುಂಡಿ ಒತ್ತಿದರೆ ಮಾತ್ರ ನನ್ನ ಮಾತು, ಅದೂ ನನ್ನದಲ್ಲ, ಬೇರೆಯವರದು.

ನನ್ನನ್ನು ಕೊಂಡವನು ಸಮುವೇಲಪ್ಪ. ಕೆಲಸ ರೈಲ್ವೆಯಲ್ಲಿ ಬಡಗಿ, ಹುಚ್ಚು ಮಾತ್ರ ಗಿಟಾರಿನದು. ರೈಲ್ವೆ ಇನ್‌ಸ್ಟಿಟ್ಯೂಟಿನಲ್ಲಿ ಆಂಗ್ಲೋ ಇಂಡಿಯನ್ ಡ್ರೈವರುಗಳು ಕುಣಿಯಲು ಹಾಕುತ್ತಿದ್ದ ಗ್ರಾಮಫೋನ್ ಪ್ಲೇಟುಗಳನ್ನು ಎಳೆಯ ವಯಸ್ಸಿನಲ್ಲೇ ಕೇಳಿ ಕೇಳಿ ಕಲಿತಿದ್ದನಂತೆ. ಅಮೆರಿಕದ ಕಪ್ಪು ಜನರ ಹಳೆಯ ಹಾಡುಗಳು ಅವು. ರಿದಮ್ ಅಂಡ್ ಬ್ಲೂಸ್ ಅನ್ನುತ್ತಿದ್ದ. ಔಷಧಿ ಶೀಶೆಯ ಕುತ್ತಿಗೆಯನ್ನು ಕಿರುಬೆರಳಿಗೆ ತೊಟ್ಟು ತಂತಿಯ ಮೇಲೆ ಜಾರಿಸಿದರೆ ಗಿಟಾರು ಬಿಕ್ಕಿ ಅಳುತ್ತಿತ್ತು. ಒಂದು ಭಾನುವಾರ ಮಧ್ಯಾಹ್ನ, ಆರಾಧನೆ ಮುಗಿದ ಮೇಲೆ, ಚರ್ಚಿನ ಹಿಂದಿನ ಕೋಣೆಯಲ್ಲಿ ಕೂತು ಒಂಬತ್ತು ಹಾಡು ನನ್ನೊಳಗೆ ತುಂಬಿಸಿದ. ನನ್ನ ಜನ್ಮ ಸಾರ್ಥಕವಾದ ದಿನ ಅದು, ಸುಳ್ಳು ಯಾಕೆ ಹೇಳಲಿ.

ಹಾಡೂ ಹಳೇದು, ಗಿಟಾರೂ ಹಳೇದು, ಬಾರಿಸುವವನೂ ಹಳೇದಾಗುತ್ತಿದ್ದಾನೆ ಎಂದು ನಕ್ಕು, ನನ್ನ ಮೈಮೇಲೆ ದಪ್ಪ ಅಕ್ಷರದಲ್ಲಿ ‘ಹಳೇದು’ ಎಂದು ಬರೆದ. ಅದೇ ಅವನ ಆಲ್ಬಮ್ಮಿನ ಹೆಸರು. ಯಾರೂ ಮೇಲೆ ಬೇರೆ ಏನನ್ನೂ ತುಂಬದಿರಲಿ ಎಂದು ನನ್ನ ಬೆನ್ನಿನ ಎರಡು ಪುಟ್ಟ ಹಲ್ಲುಗಳನ್ನೂ ಮುರಿದ. ನಕಲು ಮಾತ್ರ ಮಾಡಿಸಲಿಲ್ಲ. ಐದನೆಯ ಹಾಡಿನಲ್ಲಿ ಎಲ್ಲಿಂದಲೋ ಸೈರನ್ನಿನ ಭೋಂಗಾ ಸದ್ದು ನುಗ್ಗಿತ್ತು, ಅದೊಂದನ್ನು ಮತ್ತೆ ಬಾರಿಸಿ ಆಮೇಲೆ ಮಾಡಿಸೋಣ ಎಂದು ಮುಂದಕ್ಕೆ ಹಾಕಿದ.

ಆ ಆಮೇಲೆ ಬರಲೇ ಇಲ್ಲ. ಜೋಳ ಬೀಸಿಸಲು ಹೋದವನು ಗಿರಣಿಯ ಕಳಚಿದ ಬೆಲ್ಟನ್ನು ತಾನೇ ಹಾಕಲು ಹೋಗಿ ಎಡಗೈಯ ಎರಡು ಬೆರಳು ಕಳೆದುಕೊಂಡ. ಗಿಟಾರು ಮಾರಿದ. ನನ್ನನ್ನು ಕರವಸ್ತ್ರದಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟ. ಮಗಳು ಸುವಾರ್ತಾ ಹುಟ್ಟಿದ್ದು ಅದರ ಮರುವರ್ಷ. ಅಪ್ಪ ಬಾರಿಸಿದ್ದನ್ನು ಅವಳು ಒಂದು ದಿನವೂ ಕೇಳಿದವಳಲ್ಲ. ಅವನ ಆ ಹತ್ತು ಬೆರಳು ಇನ್ನು ಇದ್ದದ್ದು ನನ್ನೊಳಗೆ ಮಾತ್ರ.

ಅವಳಿಗೆ ಹನ್ನೆರಡು ತುಂಬುವ ಹೊತ್ತಿಗೆ ಪಾದ್ರಿಗಳ ಟೇಪ್‌ರೆಕಾರ್ಡರು ಎರಡು ದಿನದ ಮಟ್ಟಿಗೆ ಮನೆಗೆ ಬಂತು. ಸಮುವೇಲಪ್ಪನ ಅತ್ತೆ ರಾಹೇಲವ್ವನಿಗೆ ಮರುದಿನ ಗಂಟಲಿನ ಆಪರೇಶನ್ನು, ದನಿ ಉಳಿಯುವುದು ಕಷ್ಟ ಎಂದಿದ್ದರು. ಅವಳ ಕೀರ್ತನೆಗಳನ್ನು ತುಂಬಿಸಿಡಬೇಕೆಂದು ಹೆಂಡತಿ ಮನೋರಮಾ ತರಿಸಿದ್ದಳು. ಹೇಗೂ ರೆಕಾರ್ಡರು ಬಂದಿದೆ, ಸಂಜೆ ಮಗಳಿಗೆ ಕೇಳಿಸೋಣ ಎಂದು ಸಮುವೇಲಪ್ಪ ಯಾರಿಗೂ ಹೇಳದೆ ನನ್ನನ್ನು ಟ್ರಂಕಿನಿಂದ ತೆಗೆದು ಯಾರೋ ಹಳತೆಂದು ಕೊಟ್ಟಿದ್ದ ಸಿನಿಮಾ ಹಾಡಿನ ಕ್ಯಾಸೆಟ್ಟುಗಳ ಸಾಲಿನಲ್ಲಿಟ್ಟ. ಹನ್ನೆರಡು ಹದಿಮೂರು ವರ್ಷದ ಮೇಲೆ ಬೆಳಕು ಕಂಡು ನಾನು ಎಷ್ಟು ಹಿಗ್ಗಿದೆ!

ಅವನು ಕೆಲಸಕ್ಕೆ ಸೈಕಲ್ಲು ಹತ್ತುವಾಗ ಮನೋರಮಾ ಒಳಗಿನಿಂದ ಕೇಳಿದಳು, “ರೀ, ಅವ್ವನ ಕೀರ್ತನಿ ತುಂಬಾಕ ಯಾವ ಕ್ಯಾಸೆಟ್ ತಗೊಳ್ಳಲಿ?”

“ಹಳೇದು ತಗೋ,” ಅಂದ ಅವನು, ಹೋದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮನೋರಮಾ ಸಾಲಿನ ಮೇಲೆ ಬೆರಳಾಡಿಸಿ ‘ಹಳೇದು’ ಎಂದು ಬರೆದದ್ದನ್ನೇ ಹುಡುಕಿ ತೆಗೆದಳು. ಕರವಸ್ತ್ರದೊಳಗಿನ ನನ್ನ ಹೆಸರನ್ನು ಅವಳು ಎಂದೂ ಓದಿರಲಿಲ್ಲ; ಗಂಡನ ಅಮೆರಿಕದ ಹಾಡು ಟ್ರಂಕಿನಲ್ಲಿ ಭದ್ರವಾಗಿದೆ ಎಂದೇ ಅವಳ ನಂಬಿಕೆ. ರೆಕಾರ್ಡು ಮಾಡುವ ಗುಂಡಿ ಒತ್ತಿದರೆ ಇಳಿಯಲಿಲ್ಲ. ನನ್ನ ಮುರಿದ ಹಲ್ಲು ಅಷ್ಟು ಹೊತ್ತು ನನ್ನನ್ನು ಕಾಯಿತು. ಆದರೆ ಚರ್ಚಿನ ಹಾಡಿನ ಗುಂಪಿನಲ್ಲಿ ಅವಳು ಈ ವಿದ್ಯೆ ಕಲಿತಿದ್ದಳು. ಕಾಗದದ ಚೂರು ಮಡಚಿ ಎರಡೂ ತೂತಿಗೆ ತುರುಕಿದಳು. ಬೇಡ ತಾಯಿ, ಒಂದು ಸಲ ಹಾಕಿ ಕೇಳು ಎಂದು ಹೇಗೆ ಹೇಳಲಿ? ಚಕ್ರ ತಿರುಗಿತು. ಒಂದೊಂದಾಗಿ ಒಂಬತ್ತೂ ಹಾಡು ಅಳಿಸಿಹೋದವು. ಪಾಪ, ಆ ಮುದುಕಿ ಜೀವ ತುಂಬಿ ಹಾಡುತ್ತಿದ್ದಳು. ಅವಳ ಮೇಲೆ ಸಿಟ್ಟು ಮಾಡಲೂ ನನಗೆ ಆಗಲಿಲ್ಲ. ಎರಡನೆಯ ಬದಿಯ ಕೊನೆಗೆ ಹಾಡು ನಿಲ್ಲಿಸಿ ಪ್ರಾರ್ಥನೆಗೆ ತೊಡಗಿದಳು.

ಸಂಜೆ ಸಮುವೇಲಪ್ಪ ಕೈಕಾಲು ತೊಳೆದು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ರೆಕಾರ್ಡರಿನಲ್ಲೇ ಇದ್ದ ನನ್ನನ್ನು ನೋಡಿ ಒಂದು ಕ್ಷಣ ಗಾಬರಿಯಾದ. ಗುಂಡಿ ಒತ್ತಿದ. ರಾಹೇಲವ್ವ ಕೆಮ್ಮಿ ಕೀರ್ತನೆ ಎತ್ತಿಕೊಂಡಳು. ನೀವು ಹೇಳಿದ ಹಳೇದನ್ನೇ ತೆಗೆದೆ, ಎಷ್ಟು ಚೆನ್ನಾಗಿ ಬಂದಿದೆ ನೋಡಿ ಎಂದು ಮನೋರಮಾ ಕಣ್ಣೊರೆಸಿಕೊಂಡಳು. ಅವನು ಟೇಪನ್ನು ಮುಂದಕ್ಕೆ ಓಡಿಸಿದ, ಮಗುಚಿ ಹಾಕಿದ, ಮತ್ತೆ ಓಡಿಸಿದ. ಕೊನೆಗೆ ಮುದುಕಿಯ ಪ್ರಾರ್ಥನೆ ಬಂತು.

“ಕರ್ತನೇ, ನನ್ನ ದನಿ ಬೇಕಾದ್ರ ತಗೋ. ನನ್ನ ಅಳಿಯನ ಬೆರಳು ಹೋದವು, ಅವು ತಿರುಗಿ ಬರೂದಿಲ್ಲ. ಆಂವ ಬಾರಿಸಿ ತುಂಬಿಟ್ಟಿದ್ದನ್ನಾರ ಕಾಪಾಡು. ನಮ್ಮ ಕೂಸು ಒಂದಿನ ಕೇಳಲಿ.”

ಸಮುವೇಲಪ್ಪ ಗುಂಡಿ ಒತ್ತಿ ನಿಲ್ಲಿಸಿದ. ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ.

“ಅಪ್ಪಾ, ನೀ ಬಾರಿಸಿದ್ದು ಯಾವಾಗ ಬರ್ತೈತಿ?” ಎಂದಳು ಸುವಾರ್ತಾ.

ಅವನು ಹೆಂಡತಿಯ ಮುಖ ನೋಡಿದ. ನಾಳೆ ತಾಯಿಯನ್ನು ಆಸ್ಪತ್ರೆಗೆ ಸೇರಿಸಬೇಕಾದವಳು ಅವಳು.

“ಅದು ಬ್ಯಾರೆ ಕ್ಯಾಸೆಟ್ ಐತವ್ವಾ. ಹುಡುಕಿ ಕೇಳಸ್ತೀನಿ.”

ರಾಹೇಲವ್ವನ ದನಿ ಆಪರೇಶನ್ನಿನಲ್ಲಿ ಹೋಯಿತು. ಮನೋರಮಾ ನನ್ನ ಮೇಲಿನ ಹೆಸರಿಗೆ ಬಿಳಿ ಕಾಗದ ಅಂಟಿಸಿ ‘ಅವ್ವನ ಕೀರ್ತನಿ’ ಎಂದು ಬರೆದಳು. ಸಮುವೇಲಪ್ಪ ನಿಜವನ್ನು ಅವಳಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ. ಸಿಕ್ಕಿತೇನಪ್ಪಾ ಎಂದು ಮಗಳು ಕೇಳಿದಾಗಲೆಲ್ಲ ಹುಡುಕುತ್ತಿದ್ದೇನೆ ಅನ್ನುತ್ತಿದ್ದ. ಇಪ್ಪತ್ತೆಂಟು ವರ್ಷ ಹಾಗೇ ಅಂದ. ಹೋದ ತಿಂಗಳು ಅವನೂ ತೀರಿಕೊಂಡ.

ಈಗ ನನ್ನ ಟೇಪಿಗೆ ಬೂಷ್ಟು ಹಿಡಿದಿದೆ, ತಿರುಗಿಸಿದರೆ ಕಿರ್ ಅನ್ನುತ್ತೇನೆ. ಇವತ್ತು ಬೆಳಿಗ್ಗೆಯಿಂದ ಸುವಾರ್ತಾ ನೆಲದ ಮೇಲೆ ಕೂತು ಅಪ್ಪನ ಟ್ರಂಕು, ಪೆಟ್ಟಿಗೆ, ಚೀಲಗಳನ್ನೆಲ್ಲ ಹರಡಿಕೊಂಡಿದ್ದಾಳೆ. ಅಪ್ಪ ಬಾರಿಸಿದ ಕ್ಯಾಸೆಟ್ಟು ಇಲ್ಲೇ ಎಲ್ಲೋ ಇರಬೇಕು ಅನ್ನುತ್ತಿದ್ದಾಳೆ. ಆಗಲೇ ಒಂದು ಸಲ ನನ್ನನ್ನು ಕೈಗೆತ್ತಿಕೊಂಡಳು, ತಿರುಗಿಸಿ ಹೆಸರು ಓದಿದಳು, ಸೆರಗಿನಿಂದ ಧೂಳು ಒರೆಸಿದಳು. ಇದು ಅಜ್ಜೀದು ಎಂದು ಬದಿಗಿಟ್ಟು ಮತ್ತೆ ಹುಡುಕತೊಡಗಿದ್ದಾಳೆ.