ನಿರುವನ್ನು ಕರೆಸಿ

೧

ಎಲ್ಲಿಂದ ಶುರು ಮಾಡಲಿ? ಆಪರೇಷನ್ನಿನಿಂದ ಶುರು ಮಾಡಿದರೆ ನೀವು ಅಯ್ಯೋ ಪಾಪ ಎನ್ನುತ್ತೀರಿ. ಆಮೇಲೆ ನಾನು ಏನು ಹೇಳಿದರೂ ನಿಮ್ಮ ಮರುಕವೆಲ್ಲ ಹಾಸಿಗೆಯಲ್ಲಿ ಮಲಗಿದವರಿಗೇ ಹೋಗುತ್ತದೆ. ಈ ಕಥೆಯಲ್ಲಿ ಸ್ವಲ್ಪ ಮರುಕ ನನಗೂ ಬೇಕು.

ಮೊದಲ ಕರಡು ಹೀಗಿತ್ತು: 'ಸಾವಿತ್ರಿ ಎಂಬ ಪತಿವ್ರತೆ ಕೊಲ್ಕತ್ತದ ಒಂದು ನರ್ಸಿಂಗ್ ಹೋಮಿನ ಕಾರಿಡಾರಿನಲ್ಲಿ ಕೂತಿದ್ದಳು.' ಹರಿದುಹಾಕಿದೆ. ಸಾವಿತ್ರಿ ಅಂತ ಯಾರೂ ಇಲ್ಲ. ಕೂತಿದ್ದವಳು ನಾನೇ, ಗೌರಿ, ವಯಸ್ಸು ಅರವತ್ತಾರು, ಊರು ಧಾರವಾಡ, ಮೂವತ್ತು ವರ್ಷದಿಂದ ಲೇಕ್ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ. ಹೊಟ್ಟೆಕಿಚ್ಚಿನವಳು. (ಮೊದಲೇ ಹೇಳಿಬಿಟ್ಟರೆ, ಮುಂದೆ ನೀವೇ ಕಂಡುಹಿಡಿದ ಹಾಗೆ ಬೀಗುವುದು ತಪ್ಪುತ್ತದೆ.)

೨

2006. ನನ್ನ ಯಜಮಾನರು ಶಂಕರಲಿಂಗ, ರೈಲ್ವೆಯಿಂದ ನಿವೃತ್ತರು, ಎಪ್ಪತ್ತೆರಡು ವರ್ಷ, ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಚೆನ್ನಾಗಿಯೇ ಆಯಿತು. ಅರಿವಳಿಕೆ ಇಳಿದು ಎಚ್ಚರವಾದವರು ಮಾತ್ರ ಬೇರೆ ಯಾರೋ. ಗೋಡೆಯ ಮೇಲೆ ಇರುವೆ ಕಂಡರು. ಡ್ರಿಪ್ ಹಾಕಿದಷ್ಟು ಸಲ ಕಿತ್ತರು. ನನ್ನನ್ನು ನೋಡಿ ಟಿಕೆಟ್ ಕೇಳಿದರು. ಕೂಗಾಟ ನಿಲ್ಲಲೆಂದು ನರ್ಸುಗಳು ನಿದ್ದೆಯ ಇಂಜೆಕ್ಷನ್ ಕೊಟ್ಟರು, ಎದ್ದಾಗ ತಲೆ ಇನ್ನಷ್ಟು ಕಲಸಿಹೋಗಿತ್ತು.

ಮಗಳು ನೇಹಾ ಸೆಕ್ಟರ್ ಫೈವ್‌ನಲ್ಲಿ ಸಾಫ್ಟ್‌ವೇರ್ ಕೆಲಸದವಳು. ಇಂಟರ್ನೆಟ್ಟಿನಿಂದ ಹದಿನಾಲ್ಕು ಪುಟ ಪ್ರಿಂಟ್ ತಂದಳು. "ಡೆಲಿರಿಯಮ್ ಅಂತಾರೆ ಅಮ್ಮಾ. ಏಜ್ ಆದವರಿಗೆ ಕಾಮನ್ ಇದೆ. ಟೆಂಪರರಿ." (ಅವಳ ಕನ್ನಡ ಇಷ್ಟೇ. ಅಡುಗೆಮನೆಯಲ್ಲಿ ಕಲಿತದ್ದು, ಹೊಸ್ತಿಲು ದಾಟಿಲ್ಲ.)

ಎರಡನೇ ದಿನ ನಾಲ್ಕು ಗಂಟೆಗೆ ನೋಡಲು ಹೋದೆ. ಆಯಾ ಮಾಲತಿ ಬಾಗಿಲಲ್ಲೇ ಹಿಡಿದಳು. "ಕಾಕೀಮಾ, ನಿರು ಕೇ?"

ನಿರು ಯಾರು? ಬೆಳಿಗ್ಗೆಯಿಂದ ಅದೊಂದೇ ಹೆಸರಂತೆ. ಒಳಗೆ ಹೋದರೆ ನನ್ನ ಕಿವಿಯಾರೆ ಕೇಳಿದೆ. ಕಣ್ಣು ಮುಚ್ಚಿಕೊಂಡು, "ನಿರು... ನಿರು."

೨ (ಮತ್ತೆ. ಮೂರಕ್ಕೆ ಹೋಗುವ ಮೊದಲು ಅವಳನ್ನು ಪರಿಚಯಿಸಬೇಕಲ್ಲ)

ನಿರುಪಮಾ. ಆಫೀಸಿನಲ್ಲಿ ಹನ್ನೊಂದು ವರ್ಷ ನನ್ನವರ ಎದುರು ಮೇಜು. ಎಲ್ಲರಿಗೂ ನಿರುದಿ, ಅಂದರೆ ನಿರು ಅಕ್ಕ. ನನ್ನವರನ್ನು 'ಶೊಂಕೊರ್‌ದಾ' ಎನ್ನುತ್ತಿದ್ದಳು. ಆ ಎರಡು ಒಕಾರಗಳನ್ನು ನಾನಿನ್ನೂ ಕ್ಷಮಿಸಿಲ್ಲ. ದುರ್ಗಾಪೂಜೆ ಮುಗಿದ ಮೇಲೆ ಸಂದೇಶ್ ಮಿಠಾಯಿಯ ಡಬ್ಬಿ ಹಿಡಿದು ಮನೆಗೆ ಬರುತ್ತಿದ್ದಳು. ಅವತ್ತು ಇವರು ಎರಡು ಸಲ ದಾಡಿ ಮಾಡಿಕೊಳ್ಳುತ್ತಿದ್ದರು.

(ಈ ಕೊನೆಯ ಸಾಲೊಂದನ್ನು ನನ್ನವರಿಗೆ ಓದಿ ಹೇಳಿದೆ. "ಒಂದ ಸಲ ಅಷ್ಟ," ಎಂದರು. "ಕಥಿ ಅಂತ ಸುಳ್ಳ ಬರೀಬ್ಯಾಡ." ಆಸ್ಪತ್ರೆಯ ನಾಲ್ಕು ದಿನದ್ದು ಒಂದೂ ನೆನಪಿಲ್ಲದ ಮನುಷ್ಯನಿಗೆ ಇಪ್ಪತ್ತು ವರ್ಷದ ಹಿಂದಿನ ದಾಡಿ ನೆನಪಿದೆ. ನೀವೇ ನೋಡಿ.)

೩

ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದರು: ಕನ್ನಡಕ ಹಾಕಿ ಕೂರಿಸಿ, ಇವತ್ತು ಯಾವ ವಾರ ಎಂದು ಹೇಳುತ್ತಿರಿ, ಪರಿಚಯದ ದನಿ ಕಿವಿಗೆ ಬೀಳಬೇಕು. ಆ ನಿರುವನ್ನು ಕರೆಸಿ.

"ಶೀ ಈಸ್ ನೋ ಮೋರ್," ಎಂದೆ.

ಓದುಗರೇ, ನಿರುಪಮಾ ಇದೇ ಊರಿನ ಬೆಹಾಲಾದಲ್ಲಿ ಗುಂಡುಕಲ್ಲಿನ ಹಾಗೆ ಇದ್ದಳು. ಅವಳ ಫೋನ್ ನಂಬರು ನನ್ನ ಪರ್ಸಿನಲ್ಲೇ ಇತ್ತು. ಬಾಯಿಗೆ ಬಂದದ್ದು ಹೇಳಿದೆ, ಹೇಳಿದ ಮೇಲೆ ತಿದ್ದಲಿಲ್ಲ. ನಲವತ್ತನಾಲ್ಕು ವರ್ಷ ರೊಟ್ಟಿ ಬಡಿದು ಹಾಕಿದವಳ ದನಿ ಪರಿಚಯದ್ದಲ್ಲವೆ?

"ನಾ ಗೌರಿ ರೀ. ಗೌರಿ ಬಂದೀನಿ, ಕಣ್ಣ ಬಿಡ್ರಿ."

ಮುಖ ಆಚೆ ತಿರುಗಿಸಿದರು. "ನಿರು."

ಮೈಯೆಲ್ಲ ಉರಿದುಹೋಯಿತು. ಮೂರನೇ ದಿನವೂ ಅದೇ. ಕೆನ್ನೆ ಒಳಗೆ ಹೋಗಿತ್ತು, ತುಟಿ ಒಡೆದಿತ್ತು. ನನಗೆ ಅದು ವಿರಹದ ಲಕ್ಷಣವಾಗಿ ಕಂಡಿತು. (ನಗಬೇಡಿ.)

ಇಲ್ಲಿ ಒಂದು ಕರಡು ಕೈಬಿಟ್ಟಿದ್ದೇನೆ. ಅದರಲ್ಲಿ ಗೌರಿ ಮನಸ್ಸು ದೊಡ್ಡದು ಮಾಡಿ ಫೋನ್ ಮಾಡುತ್ತಾಳೆ, ನಿರುಪಮಾ ಓಡಿ ಬರುತ್ತಾಳೆ, ಮೂವರೂ ಕೈ ಕೈ ಹಿಡಿದು ಅಳುತ್ತಾರೆ. ಆ ಹಾಳೆಯನ್ನು ಬೇಳೆ ಡಬ್ಬಿಯ ತಳಕ್ಕೆ ಹಾಸಿದೆ.

೪

ನಾಲ್ಕನೇ ದಿನ ನೇಹಾ ರಜೆ ಹಾಕಿ ಬಂದಳು. ಅವರು ಅದನ್ನೇ ಕನವರಿಸಿದರು. ಅವಳು ಸೀದಾ ಬಾಟಲಿಯ ಮುಚ್ಚಳ ತಿರುಗಿಸಿ, ದಿಂಬು ಎತ್ತರಿಸಿ, ಚಮಚ ಬಾಯಿಗಿಟ್ಟಳು.

"ಪಪ್ಪಾ ನೀರು ಕೇಳ್ತಿದ್ದಾರೆ ಅಮ್ಮಾ. ಸುನಾಯಿ ನಹೀ ದಿಯಾ? ಕೇಳಿಸಲಿಲ್ವಾ?"

ಚಮಚ ಚಮಚವಾಗಿ ಅರ್ಧ ಬಾಟಲಿ ಕುಡಿದರು. ಕುಡಿದು ನಿದ್ದೆ ಹೋದರು.

ಮಾಲತಿಯದು ತಪ್ಪಲ್ಲ. ಅವಳಿಗೆ ನೀರೆಂದರೆ ಜೋಲ್. ಬಂಗಾಲಿ ಕಿವಿಗೆ ಹ್ರಸ್ವ ದೀರ್ಘದ ಗೊಡವೆಯೂ ಇಲ್ಲ. ನನ್ನ ಕಿವಿಗೆ ಏನಾಗಿತ್ತು? (ಇಲ್ಲಿಯವರೆಗೆ ಅದನ್ನು ಹ್ರಸ್ವದಲ್ಲೇ ಬರೆದಿದ್ದೇನೆ. ನಿಮಗೆ ಮೋಸ ಮಾಡಲೆಂದಲ್ಲ, ನನಗೆ ಕೇಳಿಸಿದ್ದೇ ಹಾಗೆ.) ಕನ್ನಡ ಬಾರದ ಕತ್ತೆ ಎಂದು ನೆಂಟರೆದುರು ನಾನು ಬೈಯುತ್ತಿದ್ದ ಮಗಳಿಗೆ ಕನ್ನಡ ಕೇಳಿಸಿತು.

ಮೈಯಲ್ಲಿ ನೀರಿನಂಶ ಬತ್ತಿದರೂ ತಲೆ ಹೀಗೆ ಕೆಡುತ್ತದೆ, ಬಾಯಾರಿದ್ದನ್ನು ಯಾರಾದರೂ ಹೇಳಬಾರದಿತ್ತೆ ಎಂದರು ಡಾಕ್ಟರು. ನಾನು ಸೆರಗು ಸರಿಮಾಡಿಕೊಂಡೆ.

೫ (ಅಂತ್ಯಗಳು. ಬೇಕಾದ್ದು ಆರಿಸಿಕೊಳ್ಳಿ)

ಒಂದು: ಗುಣವಾದರು. ಇದು ಅರ್ಧ ನಿಜ. ವಾರದಲ್ಲಿ ನನ್ನ ಗುರುತು ಹಿಡಿದರು. ಆರು ತಿಂಗಳಾದರೂ ಪೂರ್ತಿ ವಾಪಸು ಬಂದಿಲ್ಲ. ಪೇಪರು ಅರ್ಧಕ್ಕೆ ಬಿಡುತ್ತಾರೆ, ಸುಮ್ಮಸುಮ್ಮನೆ ಕಣ್ಣು ತುಂಬುತ್ತವೆ. "ಗೌರಿ ನನ್ನ ಬಿಟ್ಟು ಕದಲಲಿಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಾರೆ. ಕೇಳಿದಾಗಲೆಲ್ಲ ನನಗೆ ಎಲ್ಲಾದರೂ ಎದ್ದುಹೋಗೋಣ ಎನಿಸುತ್ತದೆ.

ಎರಡು: ನಾನು ಬಾಯಿ ಮುಚ್ಚಿಕೊಂಡು ಪತಿವ್ರತೆಯಾಗಿಯೇ ಉಳಿಯುವುದು. ನೇಹಾಳ ವೋಟು ಇದಕ್ಕೆ. "ಲೆಟ್ ಇಟ್ ಗೋ ಅಮ್ಮಾ. ಮತ್ತೆ ನನ್ನನ್ನ ಸ್ಟೋರಿಯಲ್ಲಿ ಹಾಕಬೇಡ."

ಆಗಲಿಲ್ಲ. ನಿನ್ನೆ ಚಹಾ ಕೊಡುತ್ತ ಹೇಳಿಬಿಟ್ಟೆ.

"ಎರಡ ದಿನಾ ನೀವು ನೀರು ಬೇಡಿದ್ರಿ. ನಿರುಪಮಾನ್ನ ಕರೀಲಿಕತ್ತೀರಿ ಅಂತ ತಿಳದು ನಾ ಒಂದು ಗುಟುಕು ಸೈತ ಕೊಡಲಿಲ್ಲ."

ಕಪ್ಪು ಕೆಳಗಿಟ್ಟರು. ಬೈಯಲಿ ಎಂದು ಕಾದೆ, ಬೈದಿದ್ದರೆ ನನಗೂ ಹಗುರಾಗುತ್ತಿತ್ತು. ಅವರು ನಕ್ಕರು. ಆಪರೇಷನ್ ಆದ ಮೇಲೆ ಮೊದಲ ಸಲ, ಹೊಟ್ಟೆ ಕುಣಿಯುವ ಹಾಗೆ.

"ಹುಚ್ಚಿ. ಅಕೀನ ಹೆಸರು ಹಿಡದು ಕರಿಯೋ ಧೈರ್ಯ ನನಗ ಎಲ್ಲಿತ್ತ?"

ನಾನೂ ನಕ್ಕೆ. ಎಷ್ಟೋ ದಿನದ ಮೇಲೆ ಇಬ್ಬರೂ ಒಟ್ಟಿಗೆ ನಕ್ಕೆವು. ಇಲ್ಲಿಗೇ ಮುಗಿಸಿಬಿಡು ಎಂದು ನೀವು ಹೇಳುತ್ತಿರುವುದು ಕೇಳಿಸುತ್ತಿದೆ. ನಾನೂ ಹಾಗೆಯೇ ಅಂದುಕೊಂಡು ಕಪ್ಪು ಎತ್ತಿಕೊಂಡು ಒಳಗೆ ಹೋದೆ.

ತೊಳೆಯುತ್ತಿದ್ದಾಗ ಹೊಳೆಯಿತು. ಧೈರ್ಯ ಇರಲಿಲ್ಲ ಎಂದರು. ಮನಸ್ಸು ಇರಲಿಲ್ಲ ಎನ್ನಲಿಲ್ಲ.