ಫೋಟೋ ತೆಗೆದಾದ ಮೇಲೆ

ದಾಯೆಂಗ್ ನಾಬಾ ಎಂದರೆ ಮಕಾಸ್ಸರ್‌ನ ಪಿನಿಸಿ ಬಳಗದಲ್ಲಿ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಪಿನಿಸಿ ಎನ್ನುವುದು ಕಂಪ್ಯೂಟರ್ ನಡೆಸುವ ತಂತ್ರಾಂಶ. ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದು, ಒಳಗಿನ ಕೋಡನ್ನು ಬಿಚ್ಚಿ ನೋಡಬಹುದು, ತಪ್ಪು ಕಂಡರೆ ತಿದ್ದಬಹುದು. ಅದನ್ನು ಬರೆಯುವವರಿಗೂ ಸಂಬಳವಿಲ್ಲ, ಊರೂರು ಅಲೆದು ಅದರ ಪರವಾಗಿ ಮಾತಾಡುವ ಪ್ರಚಾರಕರಿಗೂ ಸಂಬಳವಿಲ್ಲ. ಇಂಥ ಕಡೆ ಜನ ಮರ್ಯಾದೆಗಾಗಿಯೇ ದುಡಿಯುತ್ತಾರೆ, ಆ ಲೆಕ್ಕದಲ್ಲಿ ದಾಯೆಂಗ್ ನಾಬಾ ದೊಡ್ಡ ಸಾಹುಕಾರರು.

ತೆನ್ರಿ ಅವರ ಕೈಯಲ್ಲೇ ಪಳಗಿದವಳು. ಈ ವರ್ಷ ಪ್ರಚಾರಕರ ಮೇಲ್ವಿಚಾರಣೆ ಅವಳ ಪಾಲಿಗೆ ಬಂದಿತ್ತು. ಬಳಗದ ಕಟ್ಟಳೆ ಸರಳ: ಎಲ್ಲಾದರೂ ಪಿನಿಸಿ ಹಾಕಿಕೊಟ್ಟು ಬಂದವರು ಫೋಟೋ ಕಳಿಸಬೇಕು; ಮೇಲ್ವಿಚಾರಕರು ಕೆಲವು ದಿನ ಬಿಟ್ಟು ಆ ಜಾಗಕ್ಕೆ ಫೋನ್ ಮಾಡಿ ನಡೆಯುತ್ತಿದೆಯೇ ಎಂದು ಕೇಳಬೇಕು. ದಾಯೆಂಗ್ ಹೋಗಿಬಂದ ಕಡೆಗೆ ಮಾತ್ರ ಯಾರೂ ಫೋನ್ ಮಾಡಿದವರಲ್ಲ. ಹಾಗೆ ಮಾಡುವುದು ಹೆತ್ತಪ್ಪನ ಜೇಬು ತಡಕಿದ ಹಾಗೆ ಎಂದು ನಮ್ಮವರ ಎಣಿಕೆ. ತೆನ್ರಿ ಮಾಡಿದಳು. ಎಲ್ಲರಿಗೂ ಒಂದೇ ಕಟ್ಟಳೆ ತಾನೆ, ಅಷ್ಟೇ ಅವಳ ಮನಸ್ಸಿನಲ್ಲಿದ್ದುದು.

ದಾಯೆಂಗ್ ಹೋಗಿಬಂದಿದ್ದ ಮಾರೋಸ್ ಊರಿನ ಶಾಲೆಯಲ್ಲಿ ಫೋನ್ ಎತ್ತಿದ್ದು ಕಂಪ್ಯೂಟರ್ ಕಲಿಸುವ ಬು ಹಸ್ನಾ. ಮರ್ಯಾದೆಗೆ ನಮ್ಮಲ್ಲಿ ಹೆಂಗಸರನ್ನು ಬು ಎಂದೂ ಗಂಡಸರನ್ನು ಪಾಕ್ ಎಂದೂ ಕರೆಯುತ್ತಾರೆ.

"ನಡೀತಿದೆಯಾ ಅಂತ ಕೇಳ್ತೀರಾ? ನೀವೇ ಬಂದು ನೋಡಿ ತಾಯಿ. ನಾನಂತೂ ಆ ಕೋಣೆಗೆ ಕಾಲಿಡೋ ಹಾಗಿಲ್ಲ. ಬೀಗದ ಕೈ ಕಿತ್ಕೊಂಡಿದಾರೆ."

ತೆನ್ರಿ ಪೆಟೆ-ಪೆಟೆ ವ್ಯಾನ್ ಹತ್ತಿ ಹೋದಳು. ದಾಯೆಂಗ್ ಬಂದ ದಿನ ಕೋಣೆಯ ಎಲ್ಲ ಪರದೆಗಳ ಮೇಲೂ ಪಿನಿಸಿಯ ಗುರುತಿನ ಹಡಗು ಮೂಡಿತ್ತಂತೆ. ಚಪ್ಪಾಳೆ, ಫೋಟೋ, ಊಟ ಎಲ್ಲ ಆಯಿತು. ಮಾರನೆಯ ದಿನ ಮಕ್ಕಳು ಬಂದು ನೋಡಿದರೆ ಹಡಗೂ ಇಲ್ಲ, ಗಿಡಗೂ ಇಲ್ಲ. ಅದೇ ಹಳೆಯ ಕದ್ದ ತಂತ್ರಾಂಶ, ಅದರ ವೈರಸ್ಸುಗಳ ಸಮೇತ. ಅತಿಥಿಗಳು ಹಾಕಿಕೊಟ್ಟಿದ್ದನ್ನು ಈ ಹೆಂಗಸು ಕೆಡಿಸಿದಳು ಎಂದು ಮುಖ್ಯೋಪಾಧ್ಯಾಯ ಪಾಕ್ ಮನ್ಸೂರ್ ಎಲ್ಲ ಶಿಕ್ಷಕರ ಎದುರಿಗೇ ಹಸ್ನಾಳನ್ನು ಬೈದು ಬೀಗದ ಕೈ ಇಸಿದುಕೊಂಡಿದ್ದರು.

ತೆನ್ರಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಪಿನಿಸಿಯನ್ನು ಯಂತ್ರದೊಳಗೆ ಹಾಕದೆ ಪೆನ್‌ಡ್ರೈವ್‌ನಿಂದಲೇ ಓಡಿಸಬಹುದು. ಅಂಗಡಿಯವನು ರುಚಿ ನೋಡಲು ಹಣ್ಣಿನ ಹೋಳು ಕೊಡುತ್ತಾನಲ್ಲ, ಅಂಥದ್ದು. ದಾಯೆಂಗ್ ಒಂದೊಂದು ಯಂತ್ರಕ್ಕೂ ಒಂದೊಂದು ಪೆನ್‌ಡ್ರೈವ್ ಸಿಕ್ಕಿಸಿ, ಫೋಟೋ ತೆಗೆಸಿ, ಎಲ್ಲವನ್ನೂ ಕಿತ್ತು ಜೇಬಿಗೆ ಹಾಕಿಕೊಂಡು ಹೋಗಿದ್ದರು. ಇಂಥ ಕಳ್ಳಾಟ ನಮ್ಮ ಪೈಕಿಯವರಿಗಲ್ಲದೆ ಇನ್ನಾರಿಗೂ ಹೊಳೆಯದು.

ಬಳಗ ಕೂಡುವ ಕಾಫಿ ಅಂಗಡಿಯಲ್ಲಿ ದಾಯೆಂಗ್ ಕರಿದ ಜಾಲಂಗ್‌ಕೊಟೆ ಕಡುಬಿಗೆ ಖಾರದ ಹುಳಿನೀರು ಸುರಿದುಕೊಳ್ಳುತ್ತಿದ್ದರು. ತೆನ್ರಿ ಎದುರಿಗೆ ಕೂತು ಎಲ್ಲವನ್ನೂ ಹೇಳಿದಳು.

"ಫೋಟೋದಲ್ಲಿ ಸುಳ್ಳೆಲ್ಲಿದೆ ಹೇಳೇ? ಪಿನಿಸಿ ಓಡ್ತಿರಲಿಲ್ವಾ?"

"ಓಡ್ತಿತ್ತು ದಾಯೆಂಗ್. ನೀವು ಹೊಸಿಲು ದಾಟೋ ತನಕ."

ದಾಯೆಂಗ್ ನಕ್ಕರು. "ಎಲ್ಲಾನೂ ಕೂತು ಹಾಕೋಕೆ ಇಡೀ ದಿನ ಬೇಕು. ಮಧ್ಯೆ ಕರೆಂಟ್ ಹೋಗತ್ತೆ. ನನಗೂ ಹೊಟ್ಟೆಪಾಡಿದೆ, ಅಂಗಡಿ ಮುಚ್ಚಿ ಹೋಗಿರ್ತೀನಿ. ಪಿನಿಸಿ ಹೆಸರು ನಾಲ್ಕು ಜನಕ್ಕೆ ತಲುಪಿದ್ರೆ ಸಾಲ್ದಾ? ಬಿಟ್ಟಿ ಮಾಡೋನ ಹತ್ರ ಲೆಕ್ಕ ಕೇಳ್ತಾರೇನೇ?"

"ಆ ಮೇಡಂ ಏನ್ ತಪ್ಪು ಮಾಡಿದ್ರು? ಹೋಗಿ ಪಾಕ್ ಮನ್ಸೂರ್‌ಗೆ ಒಂದು ಮಾತು ಹೇಳಿ. ನಾವು ಹಾಕೇ ಇರಲಿಲ್ಲ ಅಂತ. ಅಷ್ಟೇ ಸಾಕು."

"ನಿನಗೆ ಬಳಗದ ಮೊದಲನೇ ಟೀ ಶರ್ಟ್ ಕೊಟ್ಟೋರು ಯಾರು, ನೆನಪಿದೆಯಾ?"

"ನೀವೇ. ಅದಕ್ಕೇ ಬೇರೆ ಯಾರಿಗೂ ಹೇಳದೆ ನಿಮ್ಮ ಹತ್ರ ಮೊದಲು ಬಂದೆ."

"ಹೇಳೋದಿಲ್ಲ ಅಂದ್ರೆ?"

"ಈ ತಿಂಗಳ ಸಭೆ ಇಲ್ಲಿ ನಡೆಯಲ್ಲ. ಆ ಶಾಲೇಲೇ ನಡೆಯತ್ತೆ."

ತಂದೆಯಷ್ಟೇ ಪ್ರೀತಿಸಿದವರ ಎದುರು ಸೆಟೆದು ನಿಲ್ಲುವುದು ಸುಲಭವಲ್ಲ. ಆದರೆ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಸಭೆಯ ದಿನ ಬಳಗದ ಎಲ್ಲರೂ ಮಾರೋಸ್‌ಗೆ ಬಂದರು. ದಾಯೆಂಗ್ ಟೀ ಶರ್ಟಿನ ಪೆಟ್ಟಿಗೆಯೊಂದಿಗೆ ಮದುಮಗನ ಹಾಗೆ ಬಂದರು. ತಾನು ಸಾಕಿದ ಹುಡುಗಿ ಎಷ್ಟು ದೂರ ಹೋದಾಳು ಎಂಬ ಧೈರ್ಯ. ಪಾಕ್ ಮನ್ಸೂರ್ ತಮ್ಮ ಕೈಯಾರೆ ಬೀಗ ತೆಗೆದರು. ಹಸ್ನಾ ಬಾಗಿಲ ಹೊರಗೇ ನಿಂತಳು.

ಸಭೆಗೆ ಮೊದಲು ಫೋಟೋ ತೆಗೆಯುವುದು ರೂಢಿ. ಎಲ್ಲರೂ ಸಾಲುಗಟ್ಟಿದರು.

"ಫೋಟೋ ಆಮೇಲೆ," ಎಂದಳು ತೆನ್ರಿ. "ಮೊದಲು ಒಂದು ಯಂತ್ರ ಆನ್ ಮಾಡಿ."

ಹಳೆಯದೇ ಬಂತು. ಪಾಕ್ ಮನ್ಸೂರ್ ಬಾಗಿಲ ಕಡೆ ಕೈ ತೋರಿಸಿದರು. "ನೋಡಿ, ನಾನು ಹೇಳಲಿಲ್ವಾ? ಎಲ್ಲಾ ಈ ಮೇಡಂ ಉಪಕಾರ!"

ತೆನ್ರಿ ದಾಯೆಂಗ್ ಮುಖ ನೋಡಿದಳು. ಅವರು ಫ್ಯಾನ್ ನೋಡಿದರು. ಆಮೇಲೆ, "ಒಂದು ನಿಮಿಷ, ಸರಿ ಮಾಡ್ತೀನಿ," ಎನ್ನುತ್ತ ಜೇಬಿಗೆ ಕೈ ಹಾಕಿ ಪೆನ್‌ಡ್ರೈವ್ ತೆಗೆದರು. ಎಲ್ಲರೆದುರಿಗೆ ಮತ್ತದೇ ಆಟ! ತೆನ್ರಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ತಡೆಯಲಿಲ್ಲ.

ಪರದೆಯ ಮೇಲೆ ಹಡಗು ಮೂಡಿತು. ಪಾಕ್ ಮನ್ಸೂರ್ ಚಪ್ಪಾಳೆ ತಟ್ಟಿದರು. ತೆನ್ರಿ ಮುಂದೆ ಬಂದು ಪೆನ್‌ಡ್ರೈವ್ ಕಿತ್ತಳು. ಹಡಗು ನಿಂತಲ್ಲೇ ನಿಂತಿತು. ಯಂತ್ರ ಆರಿಸಿ ಮತ್ತೆ ಆನ್ ಮಾಡಿದಳು. ಹಳೆಯದೇ ಬಂತು.

"ಅವತ್ತೂ ಇದೇ ಆಗಿದ್ದು ಪಾಕ್. ಬು ಹಸ್ನಾ ಏನೂ ಕೆಡಿಸಿಲ್ಲ. ಕೆಡಿಸೋಕೆ ನಾವು ಒಳಗೆ ಏನನ್ನೂ ಹಾಕಿರಲೇ ಇಲ್ಲ."

"ಹಿರಿಯರ ಮುಖಕ್ಕೆ ಮಸಿ ಬಳೀತೀಯಲ್ಲೇ!" ಎಂದು ಹಿಂದಿನಿಂದ ಯಾರೋ ಕೂಗಿದರು. "ಅವರು ಕಾಸು ತಗೊಂಡಿದ್ರೇನೇ?"

"ಕಾಸು ತಗೊಳ್ಳಲಿಲ್ಲ, ಒಬ್ಬರ ಮಾನ ತಗೊಂಡ್ರು," ತೆನ್ರಿ ತಿರುಗಿ ನಿಂತಳು. "ನಮ್ಮ ಕೋಡನ್ನ ಯಾರು ಬೇಕಾದ್ರೂ ಬಿಚ್ಚಿ ನೋಡಿ ಅಂತ ಊರೆಲ್ಲ ಸಾರ್ತೀವಿ. ನಮ್ಮನ್ನ ಮಾತ್ರ ಬಿಚ್ಚಿ ನೋಡಬಾರದಾ? ಮುಂದೆ ದಾಯೆಂಗ್ ಪಿನಿಸಿ ಹೆಸರಲ್ಲಿ ಎಲ್ಲೂ ಹೋಗೋದು ಬೇಡ. ಇದು ನನ್ನ ತೀರ್ಮಾನ. ಇಷ್ಟ ಇಲ್ದೋರು ನನ್ನನ್ನ ತೆಗೀರಿ, ಆದ್ರೆ ಕಾರಣ ಎಲ್ಲರಿಗೂ ಕಾಣೋ ಹಾಗೆ ಬರೆದು ತೆಗೀರಿ."

ದಾಯೆಂಗ್ ಪೆಟ್ಟಿಗೆ ಎತ್ತಿಕೊಂಡರು. "ನಾಳೆಯಿಂದ ನೀನೇ ಅಲೆ. ಕಷ್ಟ ಏನು ಅಂತ ಗೊತ್ತಾಗತ್ತೆ." ಅವರ ದನಿ ನಡುಗಿದ್ದು ತೆನ್ರಿಗೆ ಕೇಳಿಸಿತು. ಬಳಗದ ಮುಕ್ಕಾಲು ಮಂದಿ ಅವರ ಹಿಂದೆಯೇ ಹೊರಟರು. ಉಳಿದವರು ಬೆರಳೆಣಿಕೆಯಷ್ಟು.

ಪಾಕ್ ಮನ್ಸೂರ್ ಕೆಮ್ಮಿ, ಬೀಗದ ಕೈಯನ್ನು ತೆನ್ರಿಯ ಮುಂದೆ ಹಿಡಿದರು.

"ನನಗಲ್ಲ ಪಾಕ್. ಯಾರ ಕೈಯಿಂದ ಕಿತ್ಕೊಂಡ್ರೋ ಅವರಿಗೆ ಕೊಡಿ."

ಅವರು ಬಾಗಿಲ ತನಕ ನಡೆದು ಹೋಗಬೇಕಾಯಿತು. "ತಪ್ಪಾಯ್ತು ಬು," ಎಂದರು, ಎಲ್ಲರಿಗೂ ಕೇಳಿಸುವಂತೆಯೇ. ಹಸ್ನಾ ಬೀಗದ ಕೈ ತೆಗೆದುಕೊಂಡು ಒಳಗೆ ಬಂದಳು.

ಉಳಿದವರೆಲ್ಲ ಕೂತು ಒಂದೊಂದೇ ಯಂತ್ರಕ್ಕೆ ಪಿನಿಸಿ ಹಾಕತೊಡಗಿದರು. ದಾಯೆಂಗ್ ಹೇಳಿದ್ದು ಸುಳ್ಳಲ್ಲ, ಮಧ್ಯೆ ಕರೆಂಟ್ ಹೋಯಿತು, ಬಂದ ಮೇಲೆ ಮೊದಲಿನಿಂದ ಶುರು. ಸಂಜೆಯಾದರೂ ಅರ್ಧ ಕೋಣೆ ಬಾಕಿ.

"ಫೋಟೋ ತೆಗೆಯಲ್ವಾ?" ಹಸ್ನಾ ಕೇಳಿದಳು.

"ನಾವು ತೆಗೆಯಲ್ಲ. ಇನ್ನು ಮೇಲೆ ನೀವೇ ತೆಗೀರಿ ಬು. ತಿಂಗಳು ಬಿಟ್ಟು ತೆಗೆದು ಬಳಗದ ಎಲ್ಲರಿಗೂ ಕಳಿಸಿ. ಪರದೆ ಹೇಗಿರತ್ತೋ ಹಾಗೇ."

"ಹಳೇದೇ ಬಂದಿದ್ರೆ?"

"ನಾನೂ ದಾಯೆಂಗ್ ಹೋದ ಬಾಗಿಲಿಂದಲೇ ಹೋಗ್ತೀನಿ."

ಹಸ್ನಾ ಬೀಗದ ಕೈಯನ್ನು ಚೀಲದೊಳಗೆ ಹಾಕಿ ಜಿಪ್ ಎಳೆದಳು. ಅವಳು ನಗಲಿಲ್ಲ.

"ಕಳಿಸ್ತೀನಿ. ನೀವು ಹಾಕಿದ್ದು ಅಂತ ಮುಲಾಜು ನೋಡೋದಿಲ್ಲ."